ಮಾವನವರ ನೊಣಗಳು

ಇವತ್ತು ಬೆಳಿಗ್ಗೆ ಕಾಫಿ ಕುಡಿಯುತ್ತ ಕೂತಿದ್ದಾಗ ಲೋಟದ ಹತ್ತಿರ ಒಂದು ನೊಣ ಹಾರಿತು. ಕೈ ಬೀಸಿದೆ. ಹೋಗಲಿಲ್ಲ. ಮತ್ತೆ ಬೀಸಿದೆ, ಅದರ ಹಿಂದೆಯೇ ಇನ್ನೊಂದು ಸಣ್ಣದೂ ಬಂತು. "ಏನಮ್ಮಾ ಶಶಿ, ಮನೆ ತುಂಬ ನೊಣ! ನೆಲ ಒರೆಸೋವಾಗ ಒಂದಿಷ್ಟು ಫಿನಾಯಿಲ್ ಹಾಕೋಕೆ ನಿಂಗೇನು ಧಾಡಿ?" ಎಂದು ಗದರಿದೆ. ನನ್ನ ಸೊಸೆ ಶಶಿಕಲಾ ಎದುರಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲೂ ಇಲ್ಲ. "ಹೌದತ್ತೆ, ಈಚೆಗೆ ನೊಣ ಜಾಸ್ತಿ ಆಗ್ಬಿಟ್ಟಿವೆ" ಅಂದಳು.

ಲೋಟ ಕೆಳಗಿಟ್ಟೆ. ನನ್ನ ಕಾಫಿಗೆ ಸಕ್ಕರೆ ಬಿಟ್ಟು ಎಷ್ಟೋ ವರ್ಷವಾಯಿತು, ಹಾಗಾಗಿ ಅದನ್ನು ಅರ್ಧಕ್ಕೆ ಬಿಟ್ಟದ್ದು ದೊಡ್ಡ ತ್ಯಾಗವೇನಲ್ಲ. ಆದರೆ ಆ ಮಾತಿದೆಯಲ್ಲ, "ಹೌದು, ನೊಣ ಜಾಸ್ತಿ" ಅನ್ನುವ ಮಾತು, ಅದನ್ನು ನಾನು ಹಿಂದೆ ಕೇಳಿದ್ದೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ, ಸೂಲಿಬೆಲೆಯ ಪಕ್ಕದ ಹಳ್ಳಿಯಲ್ಲಿ, ನನ್ನ ಗಂಡನ ಮನೆಯ ಜಗಲಿಯ ಮೇಲೆ. ಆಗ ಸೊಸೆಯಾಗಿದ್ದವಳು ನಾನು. ನೊಣ ಕಂಡವರು ನನ್ನ ಮಾವ. ಆ ನೊಣಗಳು ಅವರ ಎರಡು ಕಣ್ಣನ್ನೂ ತಿಂದುಹಾಕಿದವು. ಹೇಳುತ್ತೇನೆ, ಕೂತುಕೊಳ್ಳಿ. ಕೆಲಸವಿದ್ದರೂ ಕೂತುಕೊಳ್ಳಿ, ವಯಸ್ಸಾದವಳು ಮಾತಾಡುವಾಗ ಎದ್ದು ಹೋಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಮಾವ ದೊಡ್ಡ ಆಳು. ದೊಡ್ಡ ಮೀಸೆ, ದೊಡ್ಡ ರುಮಾಲು, ದೊಡ್ಡ ದನಿ. ಅವರಲ್ಲಿ ಸಣ್ಣದು ಅಂತ ಇದ್ದದ್ದು ಬೇರೆಯವರ ಮಾತು ಕೇಳುವ ಕಿವಿ ಒಂದೇ. ಊರಿಗೆ ಅವರು ಯಜಮಾನರು. ಸುತ್ತಮುತ್ತಲ ಹಳ್ಳಿಗಳಿಗೆಲ್ಲ ಎತ್ತಿನ ಸುಳಿ ನೋಡುವವರು. ಈಗಿನವರಿಗೆ ಇದು ಗೊತ್ತಿಲ್ಲದಿರಬಹುದು. ಎತ್ತಿನ ಮೈಮೇಲೆ ಕೂದಲು ಅಲ್ಲಲ್ಲಿ ಸುತ್ತಿಕೊಂಡು ಸುಳಿಯಾಗಿರುತ್ತದೆ. ಇಂಥ ಕಡೆ ಇದ್ದರೆ ಮನೆಗೆ ಒಳ್ಳೆಯದು, ಅಂಥ ಕಡೆ ಇದ್ದರೆ ಮನೆಹಾಳು ಎಂದು ನಂಬಿಕೆ. ಜಡಿಗೇನಹಳ್ಳಿ ಕಡೆಯಿಂದಲೂ ಜನ ಎತ್ತು ಹೊಡೆದುಕೊಂಡು ಬಂದು ನಮ್ಮ ಅಂಗಳದಲ್ಲಿ ನಿಲ್ಲಿಸುತ್ತಿದ್ದರು. ಮಾವ ಜಗಲಿಯಿಂದ ಇಳಿಯದೆಯೇ, ಎಲೆ ಅಡಿಕೆ ಜಗಿಯುತ್ತ, "ಎಡಗಡೆ ಭುಜದ ಹಿಂದೆ ಒಂದೈತೆ, ಅದು ಬ್ಯಾಡ, ಹೊಡ್ಕೊಂಡ್ ಹೋಗಪ್ಪ" ಎನ್ನುತ್ತಿದ್ದರು. ಅಷ್ಟು ದೂರದಿಂದ! ಕಣ್ಣೆಂದರೆ ಕಣ್ಣು. ಒಪ್ಪಿಗೆಯಾದರೆ ಇಳಿದು ಬಂದು ಎತ್ತಿನ ಬೆನ್ನು ತಟ್ಟುವರು. ಯಜಮಾನರು ಬೆನ್ನು ತಟ್ಟಿದ ಮೇಲೆ ಮುಗಿಯಿತು. ಕೊಳ್ಳುವವನಾಗಲಿ ಕೊಡುವವನಾಗಲಿ ಸುತ್ತ ನಿಂತವನಾಗಲಿ ಆಮೇಲೆ ಆ ಎತ್ತಿನ ಬಗ್ಗೆ ಚಕಾರ ಎತ್ತುವಂತಿರಲಿಲ್ಲ. ಅದು ನಮ್ಮ ಕಡೆಯ ಪದ್ಧತಿ.

ಅವರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಮೊದಲು ಕಂಡುಹಿಡಿದದ್ದು ಡಾಕ್ಟರಲ್ಲ, ಇರುವೆಗಳು. ಹಿತ್ತಲಿನಲ್ಲಿ ಅವರು ಕೂತೆದ್ದ ಜಾಗಕ್ಕೆ ಇರುವೆ ಸಾಲುಗಟ್ಟುವುದನ್ನು ನಮ್ಮ ಅತ್ತೆ ನೋಡಿದರು. ಅತ್ತೆ ಸಣಕಲು ಹೆಂಗಸು, ಮಾತು ಕಡಿಮೆ. ಅವರ ಕಾಟಕ್ಕೆ ಮಾವ ಕೊನೆಗೆ ಹೊಸಕೋಟೆಯ ಡಾಕ್ಟರ ಹತ್ತಿರ ಹೋದರು. ಡಾಕ್ಟರು ನೀಲಿ ಔಷಧಕ್ಕೆ ಇವರ ಉಚ್ಚೆ ಹಾಕಿ ಕುದಿಸಿದರಂತೆ, ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿತಂತೆ. ಆಮೇಲೆ ತೋಳಿಗೆ ಪಟ್ಟಿ ಕಟ್ಟಿ ಗಾಳಿ ಒತ್ತಿದರಂತೆ, ಪಾದರಸ ಸರ್ರನೆ ಮೇಲೇರಿತಂತೆ. ರಕ್ತದ ಒತ್ತಡವೂ ಇದೆ ಅಂದರು. ಬೇರೆ ಯಾರಾದರೂ ಆಗಿದ್ದರೆ ಮುಖ ಸಪ್ಪಗೆ ಮಾಡಿಕೊಂಡು ಬರುತ್ತಿದ್ದರು. ನಮ್ಮ ಮಾವ ಮೀಸೆ ತಿರುವಿಕೊಂಡು ಬಂದರು.

"ಡಾಕ್ಟ್ರೇ ಬೆರಗಾಗ್ಬಿಟ್ರು ಕಣ್ಲಾ" ಎಂದು ಜಗಲಿಯಲ್ಲಿ ಸೇರಿದವರಿಗೆ ಹೇಳಿದರು. "ಈ ಕಾಯಿಲೆ ಕೂಲಿನಾಲಿ ಮಾಡೋರಿಗೆ ಬರಾಕಿಲ್ವಂತೆ. ರಾಜರು, ದಿವಾನರು, ಅಂಥೋರಿಗೇ ಬರೋದು. ನನ್ ರಕ್ತಕ್ಕಂತೂ ಶ್ಯಾನೆ ಜೋರಂತೆ."

ಅವರ ತಮ್ಮ, ಅಂದರೆ ನಮ್ಮ ಚಿಕ್ಕಮಾವ, ತಾನೂ ಹೋಗಿ ಪಟ್ಟಿ ಕಟ್ಟಿಸಿಕೊಂಡು ಬಂದ. ಅವನದು ಪಾದರಸ ಅರ್ಧಕ್ಕೇ ನಿಂತಿತಂತೆ. "ಅಣ್ಣನ ಮುಂದೆ ನಮ್ದೇನು ಬಿಡಿ" ಅಂತ ಪೆಚ್ಚುನಗೆ ನಕ್ಕ. ಚಿಕ್ಕಮಾವನ ಕೆಲಸ ಅಣ್ಣ ಹೇಳಿದ್ದಕ್ಕೆಲ್ಲ ಹೌದೆನ್ನುವುದು. ಅಣ್ಣ ಸೀನಿದರೆ ಇವನು ಮೂಗು ಒರೆಸಿಕೊಳ್ಳುತ್ತಿದ್ದ. ಅಣ್ಣನಷ್ಟು ಕಾಯಿಲೆ ತನಗಿಲ್ಲವಲ್ಲ ಎಂದು ಅಸೂಯೆಪಟ್ಟವನನ್ನು ನಾನು ಜನ್ಮದಲ್ಲಿ ನೋಡಿದ್ದು ಅವನೊಬ್ಬನನ್ನೇ.

ಡಾಕ್ಟರು ದಿನಾ ಸೂಜಿಮದ್ದು ಹಾಕಿಸಿಕೊಳ್ಳಬೇಕು ಅಂದಿದ್ದರು. "ಚುಚ್ಚಿಸ್ಕಳಾಕೆ ನಾನೇನು ದನವಾ?" ಅಂದರು ಮಾವ. ದನಗಳಿಗೆ ರೋಗ ಬಂದರೆ ಮಾತ್ರ ಅದೇ ದಿನ ಆಳು ಓಡಿಸಿ ದನದ ಡಾಕ್ಟರನ್ನು ಕರೆಸಿ, ನಿಂತು ಚುಚ್ಚಿಸುತ್ತಿದ್ದರು. ಉಪ್ಪು ಕಮ್ಮಿ ಮಾಡಿ ಅಂದಿದ್ದಕ್ಕೆ ಊಟಕ್ಕೆ ಕೂತಾಗ ಉಪ್ಪಿನಕಾಯಿ ಜಾಡಿಯನ್ನು ಪಕ್ಕಕ್ಕೇ ಎಳೆದುಕೊಳ್ಳತೊಡಗಿದರು. ಆದರೆ ಸಕ್ಕರೆಯನ್ನು ಬಿಟ್ಟರು. ಬಿಟ್ಟರೆಂದರೆ ಊರಿಗೆಲ್ಲ ಡಂಗುರ ಹೊಡೆದು ಬಿಟ್ಟರು. ಆಗ ಸಕ್ಕರೆಗೆ ರೇಷನ್ನು. ಹಬ್ಬಕ್ಕೆ ಒಂದು ಹಿಡಿ ಸಿಕ್ಕರೆ ಪುಣ್ಯ. ಸಿಗದ ಸಕ್ಕರೆಯನ್ನು ತ್ಯಾಗ ಮಾಡಿ ಮಹಾತ್ಮರಾದರು! ಬೆಲ್ಲವನ್ನು ಮಾತ್ರ ಬಿಡಲಿಲ್ಲ. ಅದು ನಮ್ಮ ಹೊಲದ ಕಬ್ಬಿನ ಬೆಲ್ಲ, ಮನೆಯದು, ದೇವರಿಗೆ ಇಡುವುದು, ಅದು ಏನು ಮಾಡೀತು? ಅವರು ಯಾವ ಮನೆಯ ಜಗಲಿ ಹತ್ತಿದರೂ ಮೊದಲು ಒಂದು ಉಂಡೆ ಬೆಲ್ಲ, ಒಂದು ಚೊಂಬು ನೀರು. ಬೇಡ ಎಂದರೆ ಆ ಮನೆಯವರಿಗೆ ಅವಮಾನ. ನ್ಯಾಯ ಪಂಚಾಯಿತಿ ಅಂತ ಊರೆಲ್ಲ ಸುತ್ತುತ್ತಿದ್ದ ಮನುಷ್ಯ. ಮನೆಗೊಂದು ಉಂಡೆಯಾದರೂ ಎಷ್ಟಾಯಿತು, ನೀವೇ ಯೋಚಿಸಿ.

ಹೀಗೇ ಇರುವಾಗ ನೊಣಗಳು ಬಂದವು.

ಮೊದಲ ನೊಣ ಬಂದದ್ದು ಊಟದ ಹೊತ್ತಿನಲ್ಲಿ. ಮಾವ ಗಂಗಾಳದ ಮೇಲೆ ಕೈ ಬೀಸಿದರು. "ಥೂ, ಏನ್ ನೊಣ! ಈ ಮನೇಲಿ ಹೆಂಗಸ್ರು ಸತ್ತವ್ರಾ?" ಅಂದರು. ನಾನು ನೋಡಿದೆ. ಗಂಗಾಳದ ಮೇಲೆ ಮುದ್ದೆಯ ಹಬೆ ಬಿಟ್ಟು ಏನೂ ಇರಲಿಲ್ಲ. ಚಳಿಗಾಲ, ಒಂದು ನೊಣ ಬೇಕೆಂದು ಹುಡುಕಿದರೂ ಸಿಗದ ದಿನಗಳು. ಚಿಕ್ಕಮಾವ ಮಾತ್ರ ಕೂಡಲೇ ಟವೆಲು ತೆಗೆದು ಬೀಸಿದ. "ಹೌದಣ್ಣ, ಶ್ಯಾನೆ ನೊಣ. ನನ್ ತಟ್ಟೇಲೂ ಕೂತ್ಕಂಡವೆ ನೋಡು" ಅಂದ. ಅವತ್ತಿನಿಂದ ನಮ್ಮ ಮನೆಯಲ್ಲಿ ಇಲ್ಲದ ನೊಣಗಳ ವಿರುದ್ಧ ಯುದ್ಧ ಸಾರಿಯಾಯಿತು. ಸಾಮ್ರಾಣಿ ಹಾಕಿದೆವು. ಬೇವಿನ ಸೊಪ್ಪು ಕಟ್ಟಿದೆವು. ನೆಲಕ್ಕೆ ಸಗಣಿ ಸಾರಿಸಿದ್ದೇ ಸಾರಿಸಿದ್ದು. ಕಡೆಗೆ ಕೊಟ್ಟಿಗೆಯ ಹಿಂದಿದ್ದ ತಿಪ್ಪೆಗುಂಡಿಯಿಂದ ನೊಣ ಬರುತ್ತಿವೆ ಎಂದು ಚಿಕ್ಕಮಾವ ತೀರ್ಮಾನಿಸಿ, ಆಳುಗಳನ್ನು ಕಟ್ಟಿಕೊಂಡು ಇಡೀ ತಿಪ್ಪೆಯನ್ನೇ ಹೊಲದ ಆಚೆ ತುದಿಗೆ ಸಾಗಿಸಿಬಿಟ್ಟ. ಗಾಡಿ ಗಾಡಿ ಗೊಬ್ಬರ! ಹೊಸ ಸೊಸೆಯಾದ ನನ್ನ ಪಾಲಿಗೆ ಬಂದದ್ದು ಬೀಸಣಿಗೆ. ಮಾವನ ಊಟ ಮುಗಿಯುವ ತನಕ ಪಕ್ಕದಲ್ಲಿ ನಿಂತು ಗಾಳಿಯನ್ನು ಹೊಡೆಯುತ್ತಿದ್ದೆ. ಹೊಸಕೋಟೆಯಲ್ಲಿ ಮಿಡ್ಲ್ ಸ್ಕೂಲ್ ಪಾಸಾದ ಹುಡುಗಿ ಎಂದು ನನಗೆ ಕೊಂಬಿತ್ತು ನೋಡಿ, ಅದಕ್ಕೆ ಸರಿಯಾದ ಉದ್ಯೋಗವೇ ಸಿಕ್ಕಿತು.

ಆ ನೊಣಗಳು ಹೊರಗಿರಲಿಲ್ಲ, ಕಣ್ಣೊಳಗಿದ್ದವು. ಅದು ಗೊತ್ತಾದದ್ದು ಒಂದು ಬೆಳಿಗ್ಗೆ ಎಡಗಣ್ಣಿಗೆ ಕೆಂಪು ಪರದೆ ಇಳಿದು, ಮಾವ ಜಗಲಿಯ ಕಂಬಕ್ಕೆ ಹಣೆ ಬಡಿದುಕೊಂಡಾಗ. ಕಂಬ ನೆಟ್ಟ ತಾತನಿಗೆ ಬೈದರು. ಅತ್ತೆ ಮಾತ್ರ ಬಿಡಲಿಲ್ಲ. "ಬೆಂಗಳೂರಿಗೆ ಹೋಗೋಣ ಏಳಿ" ಅಂದರು. ಮಾವ, ಅತ್ತೆ, ಚಿಕ್ಕಮಾವ, ಬುತ್ತಿ ಹೊರಲು ನಾನು; ನನ್ನ ಗಂಡ ಹೊಲ ನೋಡಿಕೊಳ್ಳಲು ಊರಲ್ಲೇ ಉಳಿದರು. ಆಗ ಪೆಟ್ರೋಲಿಗೆ ಬರ. ಇದ್ದಿಲು ಸುಟ್ಟು ಅದರ ಗ್ಯಾಸಿನಲ್ಲಿ ಓಡುವ ಬಸ್ಸು. ಏರು ಬಂದಾಗಲೆಲ್ಲ ಇಳಿದು ನಡೆಯಬೇಕು. ಮಾವ ಇಳಿಯಲಿಲ್ಲ, ಯಜಮಾನರಲ್ಲವೇ? ಉಳಿದವರೆಲ್ಲ ಅವರನ್ನು ಬಸ್ಸಿನ ಸಮೇತ ತಳ್ಳಿದೆವು.

ಕಣ್ಣಿನ ಡಾಕ್ಟರು ಸಣ್ಣ ವಯಸ್ಸಿನವರು. ಕಣ್ಣಿಗೆ ಹನಿ ಹಾಕಿ, ಕತ್ತಲ ಕೋಣೆಯಲ್ಲಿ ಕೂರಿಸಿ, ಪುಟ್ಟ ಕನ್ನಡಿಯಿಂದ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ನಮ್ಮೆಲ್ಲರನ್ನೂ ನಿಲ್ಲಿಸಿಕೊಂಡು, ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು.

"ನೋಡಿ ಯಜಮಾನ್ರೇ, ಪೊರೆ ಇಲ್ಲ. ಕಣ್ಣಿನ ಹಿಂಭಾಗದಲ್ಲಿ ಸಣ್ಣ ಸಣ್ಣ ರಕ್ತನಾಳ ಇರ್ತವೆ. ಸಕ್ಕರೆ ಅವನ್ನ ಕೆಡಿಸಿದೆ, ಒತ್ತಡ ಒಡೆದಿದೆ. ನಿಮಗೆ ನೊಣ ಕಾಣ್ತಿತ್ತಲ್ಲ, ಅದು ರಕ್ತದ ಹನಿ. ಎಡಗಣ್ಣು ಹೋಯ್ತು, ಅದು ಬರೋದಿಲ್ಲ. ಬಲಗಣ್ಣು ಇನ್ನೂ ಇದೆ. ಸೂಜಿಮದ್ದು ತಗೊಂಡು, ಬೆಲ್ಲ, ಉಪ್ಪು ಬಿಟ್ರೆ ಅದು ಉಳಿಯೋ ಸಂಭವ ಇದೆ. ಬಿಡದೇ ಇದ್ರೆ ಅದೂ ಹೋಗತ್ತೆ."

ಇದಕ್ಕಿಂತ ಸ್ಪಷ್ಟವಾಗಿ ಬ್ರಹ್ಮನೂ ಹೇಳಲಾರ. ಒಂದು ಕಣ್ಣು ಉಳಿದಿದೆ. ಅದನ್ನು ಉಳಿಸಿಕೊಳ್ಳುವುದೋ ಬಿಡುವುದೋ ಅಷ್ಟೇ ಪ್ರಶ್ನೆ. ಆದರೆ ಬಸ್ಸು ಹೊಸಕೋಟೆ ದಾಟುವಷ್ಟರಲ್ಲಿ ಚಿಕ್ಕಮಾವ ಬೇರೆಯೇ ಕತೆ ಕಟ್ಟಿಯಾಗಿತ್ತು. ಊರಲ್ಲಿ ಇಳಿದವನೇ ಎದುರಾದವರಿಗೆಲ್ಲ "ಅಣ್ಣಂಗೆ ಪೊರೆ ಬಂದೈತಂತೆ, ಇನ್ನೂ ಎಳೇದು. ಬಲೀಬೇಕಂತೆ. ಬಲಿತ ಮ್ಯಾಕೆ ಕಿತ್ತಾಕ್ತಾರಂತೆ" ಎಂದ. ಪೊರೆ ಅಂದರೆ ಎಲ್ಲರಿಗೂ ಗೊತ್ತು, ಎಲ್ಲರ ಮನೆಯ ಮುದುಕರಿಗೂ ಬಂದದ್ದೇ. ಅದರಲ್ಲಿ ಮರ್ಯಾದೆ ಹೋಗುವುದೇನಿಲ್ಲ. ಕಣ್ಣೊಳಗೆ ರಕ್ತ ಸೋರುತ್ತಿದೆ ಎಂದರೆ ಸುಳಿ ನೋಡಿಸಲು ಯಾರು ಬರುತ್ತಾರೆ?

"ಡಾಕ್ಟ್ರು ಪೊರೆ ಇಲ್ಲ ಅಂದ್ರಲ್ಲ ಚಿಕ್ಕಮಾವ" ಅಂದೆ, ಎಲ್ಲರೆದುರಿಗೆ.

"ನೀನೇನಮ್ಮಾ ಡಾಕ್ಟರಿಕೆ ಓದಿದ್ದೀಯಾ?" ಅಂದ ಅವನು. ಮಾವ ನನ್ನತ್ತ ತಿರುಗಲೂ ಇಲ್ಲ. "ಈ ಹುಡುಗೀಗೆ ಬಾಯಿ ಜಾಸ್ತಿ ಆಗೈತೆ, ಒಲೆ ಮುಂದೆ ಕೂರ್ಸು" ಎಂದು ಅತ್ತೆಗೆ ಹೇಳಿದರು. ಡಾಕ್ಟರ ಮಾತು ಅವರಿಗೂ ಕೇಳಿಸಿತ್ತು. ಎರಡು ಮಾತಿನಲ್ಲಿ ತಮಗೆ ರುಚಿಸಿದ್ದನ್ನು ಆರಿಸಿಕೊಂಡರು, ಅಷ್ಟೆ.

ಆಮೇಲೆ ನಡೆದದ್ದನ್ನು ನೆನೆದರೆ ಇವತ್ತಿಗೂ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಕಣ್ಣಲ್ಲಿ ಇಲ್ಲದ ಪೊರೆ ಬಲಿಯಲೆಂದು ಮನೆಯೆಲ್ಲ ಕಾಯತೊಡಗಿದೆವು. ನಂಟರು ಬಂದು ರೆಪ್ಪೆ ಎತ್ತಿ ನೋಡಿ, "ಇನ್ನೊಂದೆರಡು ತಿಂಗಳು ಬೇಕು" ಎಂದು, ಹಲಸಿನಕಾಯಿಯ ಬಗ್ಗೆ ಹೇಳಿದ ಹಾಗೆ ಹೇಳಿ, ಹೋಳಿಗೆ ತಿಂದು ಹೋಗುತ್ತಿದ್ದರು. ಪೊರೆ ಬೇಗ ಬಲಿಯಲು ಮೈಗೆ ಪುಷ್ಟಿ ಬೇಕು ಎಂದು ಯಾರೋ ಪುಣ್ಯಾತ್ಮ ಹೇಳಿದ. ತುಪ್ಪ, ಹೊಸ ಬೆಲ್ಲ, ಹೋಳಿಗೆ ಸುರುವಾದವು. ಅತ್ತೆ ಒಂದು ದಿನ ಧೈರ್ಯ ಮಾಡಿ ಸಣ್ಣ ಮುದ್ದೆ, ಉಪ್ಪಿಲ್ಲದ ಬಸ್ಸಾರು ಬಡಿಸಿದರು. ಮಾವ ಗಂಗಾಳವನ್ನೇ ಎತ್ತಿ ಅಂಗಳಕ್ಕೆ ಬೀಸಾಡಿದರು. ಸಿಟ್ಟಿಗೆ ಅವರ ಕತ್ತಿನ ನರ ಉಬ್ಬಿದ್ದನ್ನು ನೋಡಿ ಚಿಕ್ಕಮಾವ "ನೋಡು, ಅಣ್ಣನ ರಕ್ತದ ಜೋರು ಹೆಂಗೈತೆ" ಎಂದು ಪಕ್ಕದವರಿಗೆ ತೋರಿಸಿದ. ಇಂಥ ತಮ್ಮನಿರುವಾಗ ಶತ್ರುಗಳೇಕೆ ಬೇಕು ಹೇಳಿ!

ಅತ್ತೆ ಗಂಗಾಳ ಎತ್ತಿಕೊಂಡು ಬಂದು ತೊಳೆದಿಟ್ಟರು. ಅಳಲಿಲ್ಲ. "ಇವ್ರಿಗೆ ಬಲಗಣ್ಣೂ ಕಾಣಾಕಿಲ್ಲ ಕಣಮ್ಮಿ" ಎಂದು ನನಗೆ ಮೆಲ್ಲಗೆ ಹೇಳಿದರು. "ಬರೀ ನೆಳ್ಳು ಕಾಣ್ತದೆ. ನನ್ ಕುಂಕುಮ ಅಳಿಸೋಗಿದ್ರೂ ಗೊತ್ತಾಗ್ಲಿಲ್ಲ. ಮುಂಚೆ ಅದಕ್ಕೇ ಬೈತಿದ್ರು." ಬೈಗುಳ ನಿಂತಿತೆಂದು ಸಂಕಟಪಟ್ಟ ಹೆಂಗಸು ಅವರು.

ಇಷ್ಟಾದರೂ ಸುಳಿ ನೋಡುವುದು ನಿಂತಿರಲಿಲ್ಲ! ಮೊದಲು ಜಗಲಿಯಿಂದ ಇಳಿಯದವರು ಈಗ ಇಳಿದು ಬಂದು ಎತ್ತಿನ ಮೈಯೆಲ್ಲ ತಡವುತ್ತಿದ್ದರು. ಬೆರಳಿಗೆ ಸುಳಿ ಸಿಗುತ್ತಿತ್ತು, ಸಿಗದಿದ್ದರೆ ಚಿಕ್ಕಮಾವ ಕೆಮ್ಮಿ ಸನ್ನೆ ಮಾಡುತ್ತಿದ್ದ. ಜನ "ಈಗ ಯಜಮಾನ್ರು ಇನ್ನೂ ಜೋಪಾನವಾಗಿ ನೋಡ್ತಾರೆ" ಎಂದು ಕೊಂಡಾಡಿದರು.

ಒಂದು ಸಲ ಮನೆಗೇ ಎತ್ತು ಬೇಕಾಯಿತು. ಹೊಸಕೋಟೆಯ ದನದ ವ್ಯಾಪಾರಿ ಬಾಷಾ ಸಾಬರು ಒಂದು ಬಿಳಿ ಎತ್ತು ಹೊಡೆದುಕೊಂಡು ಬಂದರು. ಅಂಗಳದ ತುಂಬ ಜನ. ನಾವು ಹೆಂಗಸರು ನಡುಬಾಗಿಲಲ್ಲಿ. ಎತ್ತು ತಲೆ ತಿರುಗಿಸಿದಾಗ ನೋಡಿದೆ: ಬಲಗಣ್ಣಿಗೆ ಹೂ ಬಿದ್ದಿತ್ತು, ಗುಡ್ಡೆಯೆಲ್ಲ ಸುಣ್ಣ ಬಳಿದಂತೆ ಬೆಳ್ಳಗೆ. ಅಂಗಳದಲ್ಲಿದ್ದ ಪ್ರತಿಯೊಬ್ಬನಿಗೂ ಕಂಡಿತು. ಕಾಣದಿರಲು ಸಾಧ್ಯವೇ ಇರಲಿಲ್ಲ. ಮಾವ ಎತ್ತಿನ ಭುಜ ತಡವಿದರು, ಬೆನ್ನು ತಡವಿದರು, ಹಣೆಯ ಮೇಲೆ ಬೆರಳಾಡಿಸಿದರು. ಕಣ್ಣಿಗೆ ಸುಳಿ ಇರುವುದಿಲ್ಲವಲ್ಲ, ಅಲ್ಲಿಗೆ ಬೆರಳು ಹೋಗಲಿಲ್ಲ. ಚಿಕ್ಕಮಾವನಿಗೆ ಕೆಮ್ಮಿನ ಸನ್ನೆ ಗೊತ್ತಿದ್ದದ್ದು ಸುಳಿಗೆ ಮಾತ್ರ. ಅವನು ಬಾಯಿ ತೆರೆದುಕೊಂಡು ನಿಂತ. ಮಾವ "ಲಕ್ಷಣವಾಗೈತೆ" ಎಂದು ಫಟ್ಟನೆ ಬೆನ್ನು ತಟ್ಟಿಬಿಟ್ಟರು.

ಬಾಷಾ ಸಾಬರಿಗೇ ಗಾಬರಿ. ಎತ್ತಿನ ಕಣ್ಣಿನ ನೆಪ ಹೇಳಿ ಗೌಡರು ಬೆಲೆಗೆ ಜಗ್ಗಾಡುತ್ತಾರೆ ಎಂದುಕೊಂಡು ಬಂದಿದ್ದ ಮನುಷ್ಯ. "ಗೌಡ್ರೇ, ಒಂದ್ಸಾರಿ ಅದರ ಕಣ್ಣು ನೋಡ್ಕೊಳ್ಳಿ. ಆಮೇಲೆ ಬಾಷಾ ಮೋಸ ಮಾಡ್ದ ಅನ್ಬಾರ್ದು" ಎಂದರು.

"ನಂಗೆ ಕಣ್ಣು ತೋರಿಸ್ಕೊಡ್ತೀಯೇನಯ್ಯಾ?" ಎಂದು ಮಾವ ಗುಡುಗಿದರು. "ನಿಮ್ಮಪ್ಪನ ಕಾಲದಿಂದ ನೋಡ್ತಾ ಇವ್ನಿ. ಎರಡು ಕಣ್ಣೂ ನಕ್ಷತ್ರ ಇದ್ದಂಗವೆ! ಏನ್ಲಾ, ಹೇಳ್ರಲಾ!"

ಹೇಳ್ರಲಾ ಎಂದು ಅವರು ಕೇಳಿದ್ದು ಊರಿನ ದೊಡ್ಡ ದೊಡ್ಡ ಗಂಡಸರನ್ನು. ಒಬ್ಬ ಮುಂಡಾಸು ಸರಿಮಾಡಿಕೊಂಡ. ಒಬ್ಬ ಆಕಾಶ ನೋಡಿದ. ಚಿಕ್ಕಮಾವ "ಹೌದಣ್ಣ, ನಕ್ಷತ್ರ" ಅಂದ. ನನ್ನ ಬಾಯಿ ಒಲೆಯ ಮುಂದೆ ಕೂತಿತ್ತಲ್ಲ, ಅದು ಅಲ್ಲೇ ಇತ್ತು. ಆಗ ನನ್ನ ಪಕ್ಕದಿಂದ ಅತ್ತೆ ಹೊರಟರು. ನಾಲ್ಕು ಜನ ಗಂಡಸರಿದ್ದ ಕಡೆ ಸೆರಗು ಹೊದೆಯದೆ ಎಂದೂ ಹೋಗದವರು, ಹಾಗೇ ಅಂಗಳಕ್ಕೆ ಇಳಿದು, ಮಾವನ ಕೈ ಹಿಡಿದು, ಆ ಕೈಯನ್ನು ಎತ್ತಿನ ಮುಖದ ಮೇಲೆ ಇಟ್ಟರು.

"ಈ ಕಣ್ಣಿಗೆ ಹೂ ಬಿದ್ದೈತೆ" ಅಂದರು. "ಎತ್ತಿಗಾದ್ರೂ ಇನ್ನೊಂದು ಕಣ್ಣೈತೆ. ನಿಮಗೆ ಒಂದೂ ಇಲ್ಲ. ಇವ್ರೆಲ್ರಿಗೂ ಗೊತ್ತು. ನಿಮಗೂ ಗೊತ್ತು."

ಮಾವ ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿಲ್ಲ. ಕೈ ಎತ್ತಿನ ಮುಖದ ಮೇಲೇ ಇತ್ತು. ಎತ್ತು ಆ ಕಡೆಯ ರೆಪ್ಪೆ ಬಡಿಯಿತು. ಮಾವ "ಬೆನ್ ತಟ್ಟಾಗೈತೆ. ಎತ್ತು ನಮ್ದೇ, ಕಟ್ಟಾಕ್ರಿ" ಎಂದು ಹೇಳಿ, ಜಗಲಿಯ ಕಡೆ ತಿರುಗಿದರು. ಮೆಟ್ಟಿಲು ಸಿಗಲಿಲ್ಲ. ಅತ್ತೆ ಹಿಡಿದು ಹತ್ತಿಸಿದರು. ಅವತ್ತು ಮೊದಲ ಸಲ ಆ ಮನುಷ್ಯ ಇನ್ನೊಬ್ಬರ ಕೈ ಹಿಡಿದು ನಡೆದದ್ದು.

ಆಮೇಲೆ ಸೂಜಿಮದ್ದೂ ಬಂತು. ಸೂಲಿಬೆಲೆಯಿಂದ ಕಾಂಪೌಂಡರು ಸೈಕಲ್ಲಿನಲ್ಲಿ ಬಂದು ಚುಚ್ಚಿ ಹೋಗುತ್ತಿದ್ದ. ಮಾವ ಅತ್ತೆ ಬಡಿಸಿದ್ದನ್ನು ತಿಂದರು, ಬೆಲ್ಲ ಕೇಳಲಿಲ್ಲ. ಇರುವೆಗಳು ಹಿತ್ತಲು ಬಿಟ್ಟು ಹೋದವು. ಬೆಳಕು ಮಾತ್ರ ಬರಲಿಲ್ಲ. ಬೆಂಗಳೂರಿನಲ್ಲಿ ಈ ಸಲ ಬೇರೊಬ್ಬ ಡಾಕ್ಟರು ನೋಡಿ, ಮೊದಲೇ ಬಂದಿದ್ದರೆ ಉಳಿಯುತ್ತಿತ್ತು ಎಂದರಂತೆ. ಮೊದಲೇ ಬಂದಿದ್ದೆವು ಸ್ವಾಮಿ, ಅದೇ ತಾನೇ ದುರಂತ!

ಆ ಒಕ್ಕಣ್ಣಿನ ಎತ್ತು ನಮ್ಮಲ್ಲಿ ಬಹಳ ಕಾಲ ಉತ್ತಿತು. ಅದಕ್ಕೆ ಬಲಗಣ್ಣು ಕಾಣುವುದಿಲ್ಲ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಅದನ್ನು ಎಡಗಡೆಗೇ ಕಟ್ಟುವುದು, ಕುರುಡು ಬದಿ ಜೊತೆ ಎತ್ತಿನ ಕಡೆಗೆ ಬರಲಿ ಎಂದು. ತಿರುವಿನಲ್ಲಿ ನಿಧಾನ ಮಾಡುವುದು, ಆ ಕಡೆಯಿಂದ ಹೋಗುವಾಗ ಮಾತಾಡಿಸಿಕೊಂಡು ಹೋಗುವುದು. ಎತ್ತಿಗೆ ಯಾರೂ "ನಿನ್ನ ಕಣ್ಣು ನಕ್ಷತ್ರ" ಎನ್ನಲಿಲ್ಲ. ಅದಕ್ಕೇ ಅದು ಚೆನ್ನಾಗಿ ಬದುಕಿತು. ನನಗೆ ಹೊಟ್ಟೆ ಉರಿಯುವುದು ಇಲ್ಲಿಗೇ. ದನಕ್ಕೆ ತೋರಿಸಿದಷ್ಟು ಬುದ್ಧಿಯನ್ನು ಮನೆಯ ಹಿರಿಯನಿಗೆ ತೋರಿಸಲಿಲ್ಲ; ಅದಕ್ಕೆ ಮರ್ಯಾದೆ ಅಂತ ಹೆಸರು ಬೇರೆ.

ಒಂದು ಮಧ್ಯಾಹ್ನ ಜಗಲಿಯಲ್ಲಿ ಮಾವ ಒಬ್ಬರೇ ಕೂತಿದ್ದರು. ನಾನು ನೀರು ಕೊಡಲು ಹೋದೆ. ಬಳೆ ಸದ್ದಿನಿಂದ ನಾನೆಂದು ತಿಳಿಯಿತು.

"ಏನಮ್ಮಾ, ಆವಾಗ ಮನೇಲಿ ನೊಣ ಇದ್ವಾ? ನಿಜ ಹೇಳು."

"ಇರ್ಲಿಲ್ಲ ಮಾವ. ಒಂದೂ ಇರ್ಲಿಲ್ಲ."

ಚೊಂಬನ್ನು ಪಕ್ಕಕ್ಕೆ ತಡವಿ ಇಟ್ಟರು. "ತಿಪ್ಪೆ ಸಾಗಿಸಿದ್ರಲ್ಲಾ" ಅಂದರು. ಆಮೇಲೆ, "ಒಬ್ರಾದ್ರೂ ಹೇಳ್ಬಾರ್ದಾಗಿತ್ತಾ" ಅಂದರು.

ಹೇಳಿದವಳನ್ನು ಒಲೆ ಮುಂದೆ ಕೂರಿಸಿದವರು ಯಾರು ಮಾವ, ಗಂಗಾಳ ಬೀಸಾಡಿದವರು ಯಾರು, ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆ ಕಣ್ಣು ನೋಡಿ ನುಂಗಿಕೊಂಡೆ. ಅವರ ಮೇಲೆ ನನಗಿದ್ದ ಸಿಟ್ಟು ಇವತ್ತಿಗೂ ಇದೆ. ಅಳು ಬಂದದ್ದೂ ನಿಜ.

ಇವತ್ತು ಬೆಳಿಗ್ಗೆ ಇದೆಲ್ಲ ತಲೆಯಲ್ಲಿ ಓಡುತ್ತಿರುವಾಗ ಲೋಟದ ಮೇಲಿನ ನೊಣ ಹೋಗಿರಲಿಲ್ಲ. ಗೋಡೆಯತ್ತ ನೋಡಿದೆ, ಗೋಡೆಯ ಮೇಲೆ ಬಂತು. ಕಿಟಕಿಯತ್ತ ನೋಡಿದೆ; ಕಿಟಕಿಗೂ ಬಂತು. ನನಗೂ ಸಕ್ಕರೆ ಕಾಯಿಲೆ, ಹೋದ ವರ್ಷವೇ ಡಾಕ್ಟರು ಕಣ್ಣು ತೋರಿಸಿಕೊಳ್ಳಿ ಅಂದಿದ್ದರು. "ನನ್ನ ಕಣ್ಣಿಗೇನಾಗಿದೆ ಧಾಡಿ, ಸೂಜಿಗೆ ದಾರ ಪೋಣಿಸ್ತೀನಿ" ಎಂದು ಮಗನ ಬಾಯಿ ಮುಚ್ಚಿಸಿದ್ದೆ. ಶಶಿಕಲಾ ಒಮ್ಮೆ ನೆನಪಿಸಲು ಬಂದು ಬೈಸಿಕೊಂಡು ಹೋಗಿದ್ದಳು. ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿದರೂ ಅವಳು ಕೇಳದವಳ ಹಾಗೆ ಇರುತ್ತಾಳೆ. ಒಳ್ಳೆಯ ಸೊಸೆ ಎಂದು ನೆರೆಹೊರೆಯವರ ಮುಂದೆ ಹೊಗಳಿಕೊಂಡು ತಿರುಗಿದ್ದೇನೆ, ದೊಡ್ಡ ಮನುಷ್ಯಳು!

"ಶಶಿ" ಅಂದೆ. "ತಲೆ ಎತ್ತು. ಈ ಮನೇಲಿ ನೊಣ ಇದೆಯಾ?"

ಅವಳು ಗಾಬರಿಯಾಗಿ ನನ್ನ ಮುಖ ನೋಡಿದಳು. ಯಾವ ಉತ್ತರ ಕೊಟ್ಟರೆ ಬೈಗುಳ ತಪ್ಪೀತು ಎಂದು ಹುಡುಕುತ್ತಿದ್ದಳು. ಆ ಮುಖ ನನಗೆ ಗೊತ್ತು. ಬೀಸಣಿಗೆ ಹಿಡಿದು ನಿಂತಿದ್ದಾಗ ನನ್ನದೂ ಅದೇ ಆಗಿತ್ತು.

"ಬೈಯೋದಿಲ್ಲ. ಹೇಳಮ್ಮ."

"ಇಲ್ಲ ಅತ್ತೆ" ಅಂದಳು. "ನಾಲ್ಕು ದಿನದಿಂದ ನೀವು ಕೈ ಬೀಸ್ತಾನೇ ಇದ್ದೀರ. ಒಂದೂ ಇಲ್ಲ."

ಈಗೆಲ್ಲ ಅದೇನೋ ಬೆಳಕು ಬಿಟ್ಟು ಒಳಗಿನ ಸೋರಿಕೆ ನಿಲ್ಲಿಸುತ್ತಾರಂತೆ, ಬೇಗ ಹೋದರೆ. ಮಗ ಪಿಲ್ಲಗುಂಪೆಯಲ್ಲಿ ಕೆಲಸದಲ್ಲಿದ್ದಾನೆ, ಬರುವುದು ಸಂಜೆ. ಕಾಯುವುದು ಬೇಡ, ಈಗಲೇ ಕಣ್ಣಿನ ಆಸ್ಪತ್ರೆಗೆ ಹೋಗೋಣ ಅಂದೆ. ಶಶಿಕಲಾ ಅವರೆಕಾಯಿ ಹಾಗೇ ಬಿಟ್ಟು ಆಟೋ ಕರೆಯಲು ಹೋದಳು. ನಾನು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತೆ. ಅವಳು ಬಂದಳು, ಎಂದಿನಂತೆ ಎರಡು ಹೆಜ್ಜೆ ಹಿಂದೆಯೇ ನಿಂತಳು. ಕೈ ಹಿಡಿದುಕೋ ಅಂತ ನಾನೇ ಕೈ ಚಾಚಿದೆ.